ಅಂಗಳದಲ್ಲಿ ಕಾರು ಚಾಲೂ ಮಾಡಿದ್ದು

ನಾನು ಹಳಿಯಾಳ ತಾಲ್ಲೂಕಿನಲ್ಲಿ ದನದ ಆಸ್ಪತ್ರೆಯ ನೌಕರ. ಸರಕಾರ ಕೊಟ್ಟ ಹುದ್ದೆಯ ಹೆಸರು ಬೇರೆ, ಹಳ್ಳಿಗಳಲ್ಲಿ ಮಾತ್ರ ಎಲ್ಲರೂ ಡಾಕ್ಟರ್ರ ಅಂತಲೇ ಕರೆಯುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಐವತ್ತರ ಹತ್ತಿರ ಬಂದವನು. ಮನೆಯಲ್ಲಿ ಲುಂಗಿ ಉಡುವವನು, ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವವನು. ಇಂಥವನ ಮನೆಯ ಮುಂದೆ, ಹಿಂಬದಿಗೆ ರೆಕ್ಕೆ ಹಚ್ಚಿಕೊಂಡು ನೆಲಕ್ಕೆ ಹೊಟ್ಟೆ ಆನಿಸಿದಂತೆ ನಿಂತ ಕೆಂಪು ಕಾರೊಂದು ಕಂಡರೆ, ಮಗ ಬಂದಾನೇನ್ರಿ ಅಂತ ಜನ ಕೇಳುತ್ತಿದ್ದರು. ನನಗೆ ಮಗನಿಲ್ಲ. ಕಾರು ನನ್ನದೇ.

ವಯಸ್ಸಿನಲ್ಲಿದ್ದಾಗ ಜೋಯಿಡಾದಲ್ಲಿ ನನ್ನ ಮೊದಲ ಪೋಸ್ಟಿಂಗ್. ಒಂದು ಸಂಜೆ ರಸ್ತೆ ಬದಿಯ ಚಹಾದಂಗಡಿಯಲ್ಲಿ ಕೂತಿದ್ದೆ. ಗೋವಾ ಕಡೆಯಿಂದ ಅಂಥದೇ ಒಂದು ಕಾರು ಬಂತು. ಕಣ್ಣಿಗೆ ಬೀಳುವ ಮೊದಲು ಅದರ ದನಿ ಕಾಡಿನ ತಿರುವುಗಳಲ್ಲಿ ಏರುತ್ತ ಇಳಿಯುತ್ತ ಬರುತ್ತಿತ್ತು. ಅಂಗಡಿಯ ಮುಂದೆ ಹಾದು ಹೋಯಿತು. ಅಷ್ಟೇ. ನಾಲ್ಕು ಬಾಗಿಲಿನ, ಮನೆಮಂದಿ ಕೂರುವಂಥ ಕಾರು, ಆದರೆ ಓಟಕ್ಕೆಂದೇ ಹುಟ್ಟಿದ್ದು. ನನ್ನ ಕೈಯಲ್ಲಿದ್ದ ಚಹಾ ಆರಿಹೋಗಿತ್ತು.

ವರ್ಷಗಳ ಮೇಲೆ ಬೆಳಗಾವಿಯಲ್ಲಿ ಅಂಥದೊಂದು ಮಾರಾಟಕ್ಕಿದೆ ಅಂತ ಗೊತ್ತಾದಾಗ ಹೆಂಡತಿಗೆ ತಿಳಿಸದೆ ಹೋಗಿ ತಂದೆ. ಬಣ್ಣ ಮಾಸಿತ್ತು, ಸೀಟಿನ ಹೊಲಿಗೆ ಬಿಚ್ಚಿತ್ತು, ಆ ಮಾದರಿಯ ಕಾರುಗಳ ತಯಾರಿಕೆ ನಿಂತು ಎಷ್ಟೋ ಕಾಲವಾಗಿತ್ತು. ಹೆಂಡತಿ ಸುತ್ತ ಒಂದು ಸಲ ನಡೆದು ನೋಡಿ, "ಇದು ಲಗ್ನ ಆಗದ ಹುಡುಗರ ಗಾಡಿ. ನಾ ಇದರಾಗ ಕುಂದ್ರೂದಿಲ್ಲ" ಅಂದಳು. ಇವತ್ತಿಗೂ ತವರಿಗೆ ಹೋಗುವಾಗ ಬಸ್‌ಸ್ಟ್ಯಾಂಡಿಗೇ ನಡೆಯುತ್ತಾಳೆ.

ಅದನ್ನು ಸಂಭಾಳಿಸಲು ದಾಂಡೇಲಿಯ ಒಬ್ಬ ಮಿಸ್ತ್ರಿ ಸಿಕ್ಕರು. ನನ್ನ ವಾರಗೆಯವರೇ. ನನಗಿಂತ ಹೆಚ್ಚು ಅವರಿಗೇ ಆ ಕಾರಿನ ಹುಚ್ಚು ಹಿಡಿಯಿತು. ರೇಡಿಯೇಟರ್ ಸೋರಿದರೆ ಬೇರೆ ಯಾವುದೋ ಗಾಡಿಯದನ್ನು ಕತ್ತರಿಸಿ ಕೂಡಿಸುವರು. ಟೈಮಿಂಗ್ ಬೆಲ್ಟ್ ಬೇಕಾದರೆ ಮುಂಬೈಯಲ್ಲಿದ್ದ ಷಡ್ಡಕನಿಗೆ ಫೋನ್ ಹಚ್ಚುವರು. ರವಿವಾರ ಬಂತೆಂದರೆ ನಾನು ಅವರ ಗ್ಯಾರೇಜಿನಲ್ಲಿ. ಮೊದಲು ಅಗಲವಾದ ಗಾಲಿ ಬಂದವು. ಆಮೇಲೆ ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದೆವು. ತಿರುವುಗಳಲ್ಲಿ ಅದು ರಸ್ತೆಗೆ ಅಂಟಿಕೊಂಡಂತೆ ಹೋಗುತ್ತಿತ್ತು, ಹಂಪುಗಳ ಮೇಲೆ ಹೊಟ್ಟೆ ಕೆರೆಯುತ್ತಿತ್ತು. ಕೊನೆಗೆ ಉಳಿದದ್ದು ಸೈಲೆನ್ಸರ್. ಹಳೆಯದನ್ನು ಕಿತ್ತು, ಡಬ್ಬಿಯೇ ಇಲ್ಲದ ದಪ್ಪನೆಯ ನೇರ ಕೊಳವೆ ಹಾಕಿಸಿದೆ.

"ಆವಾಜ್ ಜರಾ ಜಾಸ್ತಿ ಆಗ್ತೈತಿ ಸಾಹೇಬ್ರ" ಅಂದರು ಮಿಸ್ತ್ರಿ.

"ಆಗ್ಲಿ ಬಿಡ್ರಿ" ಅಂದೆ.

ಆ ಕೊಳವೆ ಹಾಕಿಸಿಕೊಂಡು ದಾಂಡೇಲಿಯಿಂದ ಹಿಂದಿರುಗುತ್ತಿರುವಾಗಲೇ ಫೋನ್ ಬಂತು. ಕಾಡಂಚಿನ ಒಂದು ಸಿದ್ದಿ ಕೇರಿಯಲ್ಲಿ ಎಮ್ಮೆ ಬೆಳಗಿನಿಂದ ತಿಣುಕುತ್ತಿದೆ, ಕರು ಬರುತ್ತಿಲ್ಲ. ಆ ಮನೆ ನನಗೆ ಗೊತ್ತಿತ್ತು. ಮಗ ಕಬ್ಬು ಕಡಿಯಲು ಹೋಗುವವನು, ಮನೆಯಲ್ಲಿ ಅವನ ಹೆಂಡತಿ ಮತ್ತು ತಾಯಿ. ಆ ತಾಯಿಯನ್ನು ಊರವರೆಲ್ಲ ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಅವರಿಗೆ ಇದ್ದದ್ದು ಅದೊಂದೇ ಎಮ್ಮೆ.

ಚೀಲ ತೆಗೆದುಕೊಳ್ಳಲು ಆಸ್ಪತ್ರೆಯ ಮುಂದೆ ನಿಲ್ಲಿಸಿದೆ. ನನ್ನ ಬೈಕು ಅಲ್ಲೇ ಬೇವಿನ ಗಿಡದ ಕೆಳಗೆ ನಿಂತಿತ್ತು. ಆ ಕೇರಿಯ ದಾರಿ ನನಗೆ ಗೊತ್ತಿಲ್ಲದ್ದೇನಲ್ಲ. ಬೈಕಿನ ಕೀಲಿ ಕಿಸೆಯಲ್ಲೇ ಇತ್ತು. ಆದರೂ ಚೀಲ ತಂದು ಕಾರಿನಲ್ಲೇ ಇಟ್ಟೆ. ಆ ದನಿಯನ್ನು ಇನ್ನೊಂದಿಷ್ಟು ಹೊತ್ತು ಕೇಳಬೇಕಾಗಿತ್ತು, ಬೇರೆ ಯಾವ ಕಾರಣವೂ ಇರಲಿಲ್ಲ.

ಕೇರಿಗೆ ಇನ್ನೇನು ಕೂಗಳತೆ ಇರುವಾಗ ಸಣ್ಣ ಹಳ್ಳವೊಂದು ಅಡ್ಡ ಬರುತ್ತದೆ. ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಕೊರಕಲು ಬಿದ್ದಿತ್ತು. ಕಾರು ನಟ್ಟನಡುವೆ ಹೊಟ್ಟೆಯ ಮೇಲೆ ಕೂತುಬಿಟ್ಟಿತು. ಆಯಿಯ ಮಗ ಮತ್ತು ನೆರೆಯ ಮೂರ್ನಾಲ್ಕು ಜನ ಓಡಿ ಬಂದರು. ಅವರು ಚಪ್ಪಟೆ ಕಲ್ಲು ಹುಡುಕಿ ತಂದು ಗಾಲಿಯ ಕೆಳಗೆ ಇಡುತ್ತಿದ್ದರೆ ನಾನು ಪಕ್ಕದಲ್ಲಿ ನಿಂತು, "ಸಾವಕಾಶ, ಬಂಪರ್ ಹಿಡೀಬ್ಯಾಡ್ರಿ, ಬಣ್ಣ ಹೋಗ್ತೈತಿ" ಅನ್ನುತ್ತಿದ್ದೆ. ಅಷ್ಟರಲ್ಲಿ ಎಮ್ಮೆ ನರಳಿದ್ದು ಅಲ್ಲಿಯವರೆಗೂ ಕೇಳಿಸಿತು. ಮಗ ಕೈಯಲ್ಲಿದ್ದ ಕಲ್ಲು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದ. ನಾನು ಚೀಲ ಎತ್ತಿಕೊಂಡು ನಡೆದೆ.

ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಅಂಗಿ ಬಿಚ್ಚಿ, ಹೆಗಲಿನವರೆಗೆ ಸೋಪು, ಎಣ್ಣೆ ಹಚ್ಚಿಕೊಂಡು ಕೈ ಹಾಕಿದೆ. ಕರುವನ್ನು ಒಳಕ್ಕೆ ದೂಡಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಮೆಲ್ಲಗೆ ಕಾಲು ಮುಂದಕ್ಕೆ ತಂದೆ. ಆಯಿ ಎಮ್ಮೆಯ ತಲೆ ಹಿಡಿದುಕೊಂಡು ಅದರ ಕಿವಿಯಲ್ಲಿ ಕೊಂಕಣಿಯಲ್ಲಿ ಏನೇನೋ ಹೇಳುತ್ತಿದ್ದಳು. ಕೊನೆಗೆ ಹೆಣ್ಣು ಕರು ಜೀವಂತವಾಗಿ ಹೊರಬಂತು. ಸೊಸೆ ಅಳುತ್ತ ನಗುತ್ತ ಬಿಸಿನೀರು ತಂದಳು. ಆಯಿ ನನ್ನ ತಲೆಯ ಮೇಲೆ ಕೈ ಇಟ್ಟು, "ದೇವ್ರು ನಿನ್ನ ಚಲೋ ಇಡ್ಲಿ" ಅಂದಳು.

ಕೈ ತೊಳೆದು ಹೊರಗೆ ಬಂದು ನೋಡಿದರೆ ಕಾರು ಅಂಗಳದಲ್ಲಿ ನಿಂತಿದೆ! ಸಾಹೇಬರು ದಣಿದಿರುತ್ತಾರೆ, ಮತ್ತೆ ಹಳ್ಳದ ತನಕ ಯಾಕೆ ನಡೆಯಬೇಕು ಅಂತ ನೆರೆಯವರೆಲ್ಲ ಸೇರಿ ಅದನ್ನು ಎತ್ತಿ ದಾಟಿಸಿ, ದೂಡಿಕೊಂಡು ಬಂದು, ಹೋಗಲು ಅನುಕೂಲವಾಗಲೆಂದು ತಿರುಗಿಸಿಯೂ ಇಟ್ಟಿದ್ದರು. ಮುಖ ದಾರಿಯ ಕಡೆಗೆ, ಹಿಂಭಾಗ ಕೊಟ್ಟಿಗೆಯ ಕಡೆಗೆ.

ಚಹಾ ಕುಡಿದೆವು. ಕಾರಿನ ಸುತ್ತ ಜನ ನೆರೆದಿದ್ದರು. ಎಷ್ಟು ಜೋರು ಓಡುತ್ತದೆ ಅಂತ ಒಬ್ಬ ಕೇಳಿದ. ಬಾನೆಟ್ ಎತ್ತಿ ತೋರಿಸಿದೆ. ಕರು ಉಳಿಸಿದ ಹುರುಪು ಮೈಯಲ್ಲಿತ್ತು, ಎಲ್ಲರ ಕಣ್ಣು ನನ್ನ ಮೇಲಿದ್ದವು. ಒಳಗೆ ಕೂತು ಚಾಲೂ ಮಾಡಿದೆ. ಸುಮ್ಮನೆ ಗೇರು ಹಾಕಿ ಹೋಗಿದ್ದರೆ ಆಗುತ್ತಿತ್ತು. ನಾನು ಆಕ್ಸಿಲರೇಟರನ್ನು ಜೋರಾಗಿ ಒತ್ತಿ ಬಿಟ್ಟೆ, ಮತ್ತೊಮ್ಮೆ ಒತ್ತಿದೆ. ಹಿಂದಿನ ಕೊಳವೆ ಮದ್ದು ಸಿಡಿದಂತೆ ಢಂ ಢಂ ಅಂದಿತು.

ಕೊಟ್ಟಿಗೆಯೊಳಗೆ ಏನೋ ಮುರಿದ ಸದ್ದು. ಎಮ್ಮೆ ಹಗ್ಗ ಹರಿದುಕೊಂಡು ಕಂಬಕ್ಕೆ ಮೈ ಬಡಿದು ಹೊರಗೆ ನುಗ್ಗಿತು. ಕರುವನ್ನು ಒರೆಸುತ್ತ ಬಾಗಿಲಲ್ಲೇ ಕೂತಿದ್ದ ಆಯಿಯನ್ನು ಅದು ಬದಿಗೆ ಒಗೆದಿತ್ತು. ನಾನು ಹೋಗಿ ನೋಡುವಷ್ಟರಲ್ಲಿ ಅವಳು ಹೊಸ್ತಿಲ ಕಲ್ಲಿನ ಮೇಲೆ ಬಿದ್ದಿದ್ದಳು. ಬಲಗೈ ಮಣಿಕಟ್ಟು ಇರಬಾರದ ಕಡೆ ತಿರುಗಿತ್ತು.

"ಕರು ತುಳೀಲಿಲ್ಲಲ?" ಅಂದಳು ಮೊದಲು.

ಬೇರೆ ಗಾಡಿ ಇರಲಿಲ್ಲ. ಅದೇ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಮಗನ ತೊಡೆಯ ಮೇಲೆ ಅವಳ ಕೈ ಇಟ್ಟು ಹಳಿಯಾಳಕ್ಕೆ ಹೊರಟೆ. ಹಳ್ಳ ದಾಟುವಾಗ ಅದೇ ಜನ ಮತ್ತೆ ಬಂದು ಎತ್ತಿದರು. ಗಟ್ಟಿಯಾದ ಸ್ಪ್ರಿಂಗು, ರಸ್ತೆಯ ಒಂದೊಂದು ಕಲ್ಲೂ ನೇರ ಅವಳ ಎಲುಬಿಗೆ ತಾಗುತ್ತಿತ್ತು. ಅವಳು ತುಟಿ ಬಿಗಿಹಿಡಿದು ಹುಂ ಅನ್ನುವುದು ಕೇಳಿಸಬಾರದೆಂದು ನನಗನ್ನಿಸಿತು. ಆ ಕೊಳವೆಯ ಗದ್ದಲದಲ್ಲಿ ನಿಜಕ್ಕೂ ಕೇಳಿಸುತ್ತಿರಲಿಲ್ಲ. ಕನ್ನಡಿಯಲ್ಲಿ ಮಾತ್ರ ಅವಳ ಮುಖ ಕಾಣುತ್ತಿತ್ತು. ಊರು ಹೊಕ್ಕಾಗ ಅಂಗಡಿಗಳವರೆಲ್ಲ ತಿರುಗಿ ನೋಡಿದರು. ಅಷ್ಟು ದಿನ ನಾನು ಬಯಸಿದ್ದು ಅದನ್ನೇ.

ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರರು ಹೇಗಾಯಿತು ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗ, "ಅಂಗಳದಾಗ ಕಾಲ್ ಜಾರಿ ಬಿದ್ಲರಿ" ಅಂದ. ಆಯಿ ತಲೆ ಆಡಿಸಿದಳು. ಡಾಕ್ಟರರಿಗೆ ನನ್ನ ಗುರುತಿತ್ತು. "ನೀವ ಕರ್ಕೊಂಡ ಬಂದ್ರ್ಯಾ? ಭಾಳ ಚಲೋ ಆತ್ರಿ. ನಿಮ್ಮಂಥವ್ರು ಇರಬೇಕ ನೋಡ್ರಿ" ಅಂದರು. ನಾನು ನೆಲ ನೋಡುತ್ತ ನಿಂತೆ.

ಎಕ್ಸ್‌ರೇಗೆ ಒಯ್ದಾಗ ಹೊರಗಿನ ಬೆಂಚಿನ ಮೇಲೆ ಮಗನನ್ನು ಕೇಳಿದೆ. "ಯಾಕ ಹಂಗ ಹೇಳಿದಿ?"

"ಮತ್ತೇನ ಹೇಳೂದ್ರಿ? ನೀವು ಎಮ್ಮಿ ಉಳಿಸೀರಿ. ಮತ್ತ ನಾಳೆ ಏನರ ಆತಂದ್ರ ನಿಮ್ಮನ್ನ ಕರೀಬೇಕಲ್ರಿ."

ಅದನ್ನು ಒಳ್ಳೆಯತನ ಅಂತ ಮಾತ್ರ ತಿಳಿದುಕೊಂಡಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಅವರಿಗೆ ನನ್ನ ಮೇಲೆ ಸಿಟ್ಟಾಗುವ ಅನುಕೂಲ ಇರಲಿಲ್ಲ. ಎದ್ದು ಒಳಗೆ ಹೋಗಿ ಡಾಕ್ಟರರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ, ಆಕ್ಸಿಲರೇಟರ್ ಒತ್ತಿದ್ದನ್ನೂ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಇರ್ಲಿ ಬಿಡ್ರಿ. ಹೆಂಗ ಮುರದ್ರೂ ಪ್ಲಾಸ್ಟರ್ ಒಂದ ಐತಿ" ಅಂದು ಮುಂದಿನ ರೋಗಿಯನ್ನು ಕರೆದರು. ಹೇಳಿಬಿಟ್ಟರೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಮುಂದಿನ ದಿನಗಳಲ್ಲಿ ಬೈಕಿನ ಮೇಲೆ ಮತ್ತೆ ಮತ್ತೆ ಆ ಮನೆಗೆ ಹೋದೆ. ಇನ್ನೊಂದು ತೊಂದರೆ ಕಾದಿತ್ತು. ಆ ಎಮ್ಮೆಗೆ ಆಯಿಯ ಕೈಯೇ ಬೇಕು. ಸೊಸೆ ಹಿಂಡಲು ಕೂತರೆ ಒದೆಯುತ್ತಿತ್ತು, ಹಾಲು ಏರಿಸಿಕೊಳ್ಳುತ್ತಿತ್ತು. ನಾನೇ ಚೊಂಬು ಹಿಡಿದು ಕೂತೆ. ನನ್ನ ವಾಸನೆಗೇ ಅದು ಕಣ್ಣು ಕೆಕ್ಕರಿಸಿ ಹಿಂದೆ ಸರಿಯಿತು. ಕೊನೆಗೆ ಸೊಸೆ ಅತ್ತೆಯ ಹಳೆಯ ಸೀರೆ ಉಟ್ಟು, ಅತ್ತೆಯಂತೆಯೇ ಸೆರಗು ಹೊದ್ದು ಕೂತಳು. ಆಯಿ ಕೊರಳಿಗೆ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತು ಮಾತಾಡಿಸುತ್ತಿದ್ದಳು. ಆಗ ಹಾಲು ಇಳಿಯಿತು. ಹಾಲು ಚೊಂಬಿಗೆ ಬಿದ್ದ ಸದ್ದು ಕೇಳಿದಾಗ ಇಡೀ ಮನೆ ಉಸಿರು ಬಿಟ್ಟಿತು. ನಾನು ಬೇಲಿಯ ಆಚೆ ನಿಂತಿದ್ದೆ, ಎಮ್ಮೆಗೆ ಕಾಣದಂತೆ.

ರವಿವಾರ ದಾಂಡೇಲಿಗೆ ಹೋಗಿ ಮಿಸ್ತ್ರಿಗೆ, "ಹಳೇ ಸೈಲೆನ್ಸರ್ ಹಾಕಿಕೊಡ್ರಿ, ಸ್ಪ್ರಿಂಗೂ ಮೊದಲಿನವ ಹಾಕ್ರಿ" ಅಂದೆ.

ಅವರ ಮುಖ ಇಳಿಯಿತು. "ಯಾಕ್ರೀ ಸಾಹೇಬ್ರ? ನನ್ನ ಕೆಲಸದಾಗ ಏನರ ಗಲತ್ ಆತೇನ್ರಿ?"

ನಡೆದದ್ದು ಹೇಳಿದೆ. ಅವರು ಕೈಯ ಮಸಿ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು. ಸ್ಪ್ರಿಂಗು ಗ್ಯಾರೇಜಿನಲ್ಲೇ ಇದ್ದವು, ಸೈಲೆನ್ಸರ್ ಆಗಲೇ ಗುಜರಿಗೆ ಹೋಗಿತ್ತು. ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನು ಇಬ್ಬರೂ ಒಂದು ದಿನ ಸುತ್ತಿ, ಬೇರೆ ಕಾರಿನದೊಂದು ತಂದು ಬೆಸೆದೆವು. ಮುಗಿದ ಮೇಲೆ ಚಾಲೂ ಮಾಡಿದರೆ, ಬಾಡಿಗೆ ಟ್ಯಾಕ್ಸಿಯಂಥ ದನಿ. ಮಿಸ್ತ್ರಿ ನನ್ನ ಕಡೆ ನೋಡಲಿಲ್ಲ, ನಾನು ಅವರ ಕಡೆ ನೋಡಲಿಲ್ಲ. ಹಿಂದಿರುಗುವ ದಾರಿಯಲ್ಲಿ ಕಿವಿಗಳು ಆ ಹಳೆಯ ಗರ್ಜನೆಯನ್ನೇ ಹುಡುಕುತ್ತಿದ್ದವು. ಒಬ್ಬ ಮುದುಕಿಯ ಕೈ ಮುರಿದ ಮೇಲೂ ನನ್ನೊಳಗೆ ಆ ಆಸೆ ಹಾಗೇ ಕೂತಿದೆಯಲ್ಲ ಅಂತ ಹೇಸಿಗೆಯಾಯಿತು.

ಪ್ಲಾಸ್ಟರ್ ಬಿಚ್ಚಿಸುವ ದಿನ ಕರೆದೊಯ್ಯಲು ನಾನೇ ಹೋದೆ. ಬಾಡಿಗೆ ರಿಕ್ಷಾ ಮಾತಾಡಿದ್ದೆ, ಆಯಿ ಕೇಳಲಿಲ್ಲ. "ನಿನ್ನ ಕೆಂಪ ಗಾಡಿ ತಗೊಂಡ ಬಾ. ಆವತ್ತ ನಾ ಏನೂ ನೋಡ್ಲಿಲ್ಲ" ಅಂತ ಹೇಳಿ ಕಳಿಸಿದ್ದಳು. ಕಾರು ಈಗ ಎತ್ತರವಾಗಿತ್ತು, ಹಳ್ಳವನ್ನು ತಾನೇ ದಾಟಿತು. ಆದರೂ ಅಂಗಳಕ್ಕೆ ಒಯ್ಯಲಿಲ್ಲ, ಹೊರಗೆ ದಾರಿಯಲ್ಲೇ ನಿಲ್ಲಿಸಿದೆ. ಅವಳು ಒಳ್ಳೆಯ ಸೀರೆ ಉಟ್ಟು ಬಂದು, ಹಿಂದೆ ಕೂರದೆ ನನ್ನ ಪಕ್ಕದಲ್ಲೇ ಕೂತಳು. ಮಗ ಹಿಂದೆ.

ಡಾಂಬರು ರಸ್ತೆ ಸಿಕ್ಕಿತು. ಎರಡೂ ಬದಿಗೆ ಕಬ್ಬು, ಮುಂದೆ ನೆಟ್ಟನೆಯ ರಸ್ತೆ. ನಾನು ಎತ್ತಿನ ಗಾಡಿಯಂತೆ ಹೋಗುತ್ತಿದ್ದೆ.

"ಇದು ಇಷ್ಟ ಓಡ್ತೈತೇನು?" ಅಂದಳು ಆಯಿ.

"ಹೆಚ್ಚಿಗೆ ಓಡ್ತೈತಿ ಆಯಿ. ಬ್ಯಾಡ."

"ಯಾಕ ಬ್ಯಾಡ? ಕೈ ಮುರಕೊಂಡಾಕಿ ನಾ. ಅಂಜಾಂವ ನೀ. ಬಿಡ, ನೋಡೂಣು."

ಮಗ ಹಿಂದಿನಿಂದ, "ಬ್ಯಾಡ್ರಿ, ಆಕಿದು ಕೇಳಬ್ಯಾಡ್ರಿ" ಅಂದ. ನಾನು ಗೇರು ಇಳಿಸಿ ಒತ್ತಿದೆ. ಕಾರು ಮುಂದಕ್ಕೆ ಜಿಗಿಯಿತು. ಅವಳ ಬೆನ್ನು ಸೀಟಿಗೆ ಒತ್ತಿಕೊಂಡಿತು, ಎಡಗೈ ಬಾಗಿಲಿನ ಹಿಡಿಕೆಗೆ ಹೋಯಿತು, ಬಾಯಿಂದ ನಗು ಬಂತು, ಹಲ್ಲಿಲ್ಲದ ಬಾಯಿಯ ದೊಡ್ಡ ನಗು. ನನಗೂ ನಗು ಬಂತು. ಬಂದ ಕೂಡಲೇ ಅವಳ ತೊಡೆಯ ಮೇಲೆ ಮಲಗಿದ್ದ ಬಿಳಿ ಪ್ಲಾಸ್ಟರ್ ಕಣ್ಣಿಗೆ ಬಿದ್ದು ಕಾಲು ತೆಗೆದೆ.

ಅಷ್ಟರಲ್ಲಿ ಮುಂದೆ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಸಾಲು ಹಿಡಿದಿದ್ದವು. ದಾಟಲು ಜಾಗವಿರಲಿಲ್ಲ. ಊರು ಮುಟ್ಟುವ ತನಕ ಅವುಗಳ ಬೆನ್ನ ಹಿಂದೆ ತೆವಳಿದೆವು. ಆಯಿ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಟ್ರ್ಯಾಕ್ಟರಿನವನಿಗೆ ಬದಿಗೆ ಸರಿಯೋ ಅಂತ ಬೈಯುತ್ತಲೇ ಇದ್ದಳು.