ಚಳಿಯ ಮುದುಕಿಯನ್ನು ಬರೆದವರು

ಅವರು ಮರುಭೂಮಿಯ ಈ ನಗರದಲ್ಲಿ, ಅಲ್ ಕೂಜ್ ಎಂಬ ಕೈಗಾರಿಕಾ ಬಡಾವಣೆಯ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುತ್ತಿದ್ದರು. ಜುಲೈ ತಿಂಗಳ ಸೆಕೆಯಲ್ಲೂ ದಪ್ಪ ಜಾಕೆಟನ್ನು ತೋಳಿಗೆ ಹಾಕಿಕೊಂಡೇ ಅಲ್ ನಹ್ದಾದ ನಮ್ಮ ಫ್ಲ್ಯಾಟಿಗೆ, ಭಾನುವಾರದ ಕಥೆ ಓದುವ ಕೂಟಕ್ಕೆ ಬರುತ್ತಿದ್ದರು. ಯಾರೇನು ಕೇಳಿದರೂ ಅಂಗೈ ಉಜ್ಜಿಕೊಳ್ಳುತ್ತ, "ನಮಗೆಂತ ಗೊತ್ತುಂಟು ಮಾರಾಯ್ರೆ" ಎನ್ನುತ್ತಿದ್ದರು.

ಐರ್ಲೆಂಡಿನ ಪುರಾಣಗಳನ್ನು ಎರಡು ವರ್ಷ ಓದಿ ಟಿಪ್ಪಣಿ ಮಾಡಿಕೊಂಡವನು ನಾನು. ಚಳಿಗಾಲವನ್ನು ಹೊತ್ತು ತರುವ, ಸೌದೆ ಆಯುತ್ತ ತಿರುಗುವ ಅಲ್ಲಿನ ಮುದುಕಿಯ ಬಗ್ಗೆ ಒಂದು ಸಾಲೂ ಬರೆಯಲಾಗಿರಲಿಲ್ಲ. ಅವರು, ತಮ್ಮ ಐರಿಷ್ ಸೂಪರ್‌ವೈಸರ್ ಚಹಾದ ಹೊತ್ತಿನಲ್ಲಿ ಹೇಳಿದ್ದಷ್ಟನ್ನೇ ಕೇಳಿ, ಕಥೆ ಬರೆದು ತಂದರು. ಅದರಲ್ಲಿ ಮುದುಕಿ ಸೌದೆ ಹುಡುಕುತ್ತ ಕೋಲ್ಡ್ ಸ್ಟೋರೇಜಿಗೆ ಬರುತ್ತಾಳೆ. ಓದಿ ಮುಗಿಸಿದಾಗ ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ನನ್ನ ಕಥೆಗೆ ಆಕೆ ಎಂದೂ ಅತ್ತವಳಲ್ಲ.

"ನೀವು ಚಳಿಗಾಲ ನೋಡಿದ್ದುಂಟಾ?" ಎಂದು ಕೇಳಿದೆ.

"ದಿನಾ ಎಂಟು ಗಂಟೆ ಅದರ ಒಳಗೇ ಇರುದಲ್ವಾ ಸರ್," ಎಂದು ನಕ್ಕರು. "ಪತ್ರಿಕೆಗೆ ಕಳಿಸ್ಬೇಕು, ಸ್ವಲ್ಪ ತಿದ್ದಿ ಕೊಡಿ" ಎಂದು ಹಾಳೆಗಳನ್ನು ನನ್ನ ಕೈಗಿತ್ತರು.

ತಿದ್ದಲು ಏನೂ ಇರಲಿಲ್ಲ. 'ಮುದುಕಿ ನನ್ನ ಕೈ ಹಿಡಿದಳು. ಯಾರ ಕೈ ಹೆಚ್ಚು ತಣ್ಣಗಿದೆಯೆಂದು ಇಬ್ಬರಿಗೂ ತಿಳಿಯಲಿಲ್ಲ' ಎಂಬ ಕೊನೆಯ ಸಾಲನ್ನು ಮೂರು ಸಲ ಓದಿದೆ. ಕೆಂಪು ಪೆನ್ನಿನಿಂದ ಅದನ್ನೇ ಹೊಡೆದುಹಾಕಿ, ಪಕ್ಕದಲ್ಲಿ 'ಅನಗತ್ಯ' ಎಂದು ಬರೆದೆ.

ಕಥೆ ಆ ಸಾಲಿಲ್ಲದೆ ಅಚ್ಚಾಯಿತು. ಪತ್ರಿಕೆ ಹಿಡಿದು ಬಂದವರು ಮೊದಲು ನನಗೇ ಕೊಟ್ಟರು. "ಸರ್ ತಿದ್ದಿದ ಕಾರಣ ಆಯ್ತು ನೋಡಿ" ಎಂದು ಎಲ್ಲರಿಗೂ ಹೇಳಿದರು. ನನ್ನ ಹೆಂಡತಿ ಪುಟ ತಿರುವುತ್ತ ಆ ಸಾಲನ್ನು ಹುಡುಕುತ್ತಿದ್ದಳು.