ಕೆಳಮನೆ ಮೇಡಂ ಬಾಯಿ ಬಿಡಲಿಲ್ಲ

ಹೋದ ತಿಂಗಳು ಜಯನಗರದಲ್ಲಿ ರಕ್ತ ಪರೀಕ್ಷೆಗೆ ಕೂತಿದ್ದೆ. ನರ್ಸ್ ಹತ್ತಿಗೆ ಸ್ಪಿರಿಟ್ ಅದ್ದಿ ತೋಳಿಗೆ ಒರೆಸಿದಳು. ಆ ವಾಸನೆ ಬಂದರೆ ಬೇರೆಯವರಿಗೆ ಸೂಜಿ ನೆನಪಾಗುತ್ತದೆ. ನನಗೆ ಕಂಪ್ಯೂಟರಿನ ಮೌಸ್ ನೆನಪಾಯಿತು. ಆಗಿನ ಮೌಸಿನ ಹೊಟ್ಟೆಯಲ್ಲಿ ಒಂದು ರಬ್ಬರ್ ಗುಂಡು ಇರುತ್ತಿತ್ತು. ಒಳಗೆ ಕೊಳೆ ಕಟ್ಟಿಕೊಂಡರೆ ಪರದೆಯ ಮೇಲಿನ ಬಾಣ ಕುಂಟುತ್ತಿತ್ತು. ನಮ್ಮ ಕೆಳಮನೆ ಮೇಡಂ ಬೆಳಗ್ಗೆ ಬಂದವರೇ ಮೌಸುಗಳನ್ನೆಲ್ಲ ಅಂಗಾತ ಮಲಗಿಸಿ, ಗುಂಡು ತೆಗೆದು, ಸ್ಪಿರಿಟ್ ಹತ್ತಿಯಿಂದ ಒಳಗೆಲ್ಲ ಒರೆಸುತ್ತಿದ್ದರು. ಅದಾದ ಮೇಲೇ ಅವರಿಗೆ ಕಾಫಿ. ನರ್ಸ್ ಆಗಲೇ ಎರಡು ಸಲ "ಕೈ ಮಡಚಿಕೊಳ್ಳಿ ಮೇಡಂ" ಎಂದಿದ್ದಳಂತೆ. ನಾನು ಎಲ್ಲಿದ್ದೆನೋ...

ನಮ್ಮದು ಇಟ್ಟಮಡು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಸೈಟುಗಳಾದ ಮೇಲೆ ಉಳಿದ ತುಂಡಿನಲ್ಲಿ ಮನೆ ಕಟ್ಟಿಸಿ, ದಿನಸಿ ಅಂಗಡಿಗೆ ಆಗುತ್ತದೆಂದು ಕೆಳಗೆ ಶೆಟರ್ ಹಾಕಿಸಿದ್ದ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಂಗಡಿ ಕೇಳಿಕೊಂಡು ಬಂದವರು ಕಾಟನ್ ಸೀರೆ, ಗಂಡಸರ ವಾಚು, ಹವಾಯಿ ಚಪ್ಪಲಿಯ ಒಬ್ಬ ಹೆಂಗಸು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಬಿಟ್ಟು ಬಂದಿದ್ದೇನೆ, ಇಂಟರಾಕ್ಟಿವ್ ಡಿಜಿಟಲ್ ಮೀಡಿಯಾದಲ್ಲಿ ಸಂಶೋಧನೆ ಮಾಡುತ್ತೇನೆ ಎಂದರು. ಅಪ್ಪ ಕೇಬಲ್ ಟಿವಿಯವರೆಂದುಕೊಂಡ.

"ಟಿವಿ ಅಲ್ಲ ಯಜಮಾನ್ರೇ. ಟಿವಿ ಅದರ ಪಾಡಿಗೆ ಅದು ಒದರ್ತಾ ಇರುತ್ತೆ. ಇದು ನಾವು ಕೂಗಿದ್ರೆ ಓ ಅನ್ನುತ್ತೆ."

"ಕರೆಂಟ್ ಹೋದ್ರೂ ಅನ್ನುತ್ತಾ?" ಅಪ್ಪ ಕೇಳಿದ.

"ಇಲ್ಲಿ ಜಾಸ್ತಿ ಹೋಗುತ್ತಾ?" ಎಂದು ಅವರು ಗಾಬರಿಯಾದರು. ಹೋಗುತ್ತಿತ್ತು. ಆದರೂ ಬಂದರು.

ನಾನಾಗ ಬಿ.ಕಾಂ. ಮುಗಿಸಿ, ಮನೆಯಲ್ಲಿ ಎಲ್ಲರ ತಲೆ ತಿನ್ನುತ್ತಾ ಕೂತಿದ್ದೆ. ಚಿತ್ರ ಬರೆಯುವ ಹುಚ್ಚಿತ್ತು. ಮೇಡಂ ನಮ್ಮ ಅಂಗಳದಲ್ಲಿ ನನ್ನ ರಂಗೋಲಿ ನೋಡಿ, ಚುಕ್ಕಿ ಇಡದೆ ಇಷ್ಟು ನೇರ ಗೆರೆ ಎಳೆಯುವವಳು ಮೇಲೆ ಯಾಕೆ ಕೂತಿದ್ದೀಯ, ಕೆಳಗೆ ಬಾ ಎಂದರು. ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿದ್ದ ಹುಬ್ಬಳ್ಳಿಯ ಒಬ್ಬ ಪ್ರೋಗ್ರಾಂ ಬರೆಯಲು ಬಂದ. ನಾವು ಮೂವರೇ.

ಶೆಟರಿನ ಒಳಮೈ ಮೇಲೆ ಮೇಡಂ ಸೀಮೆಸುಣ್ಣದಲ್ಲಿ ಭಾರತದ ನಕ್ಷೆ ಬರೆದಿದ್ದರು. ಬೆಳಗ್ಗೆ ಶೆಟರ್ ಎತ್ತಿದರೆ ಕನ್ಯಾಕುಮಾರಿವರೆಗೂ ದೇಶ ಮೇಲೆ ಸುತ್ತಿಕೊಂಡು ಹೋಗುತ್ತಿತ್ತು. ಹಾಗಾಗಿ ನಕ್ಷೆಯ ಮಾತೆಲ್ಲ ಸಂಜೆ, ಶೆಟರ್ ಇಳಿಸಿದ ಮೇಲೆ. ಊರೂರಿನ ಕಾಲೇಜಿನಲ್ಲಿ ಒಂದೊಂದು ಪ್ರಯೋಗಶಾಲೆ ಇರಬೇಕು. ಅಲ್ಲಿ ಹುಟ್ಟಿದ್ದನ್ನು ಅಲ್ಲಿಯ ಹುಡುಗರೇ ಸಣ್ಣ ಕಂಪನಿ ಮಾಡಿ ಜನರಿಗೆ ಮುಟ್ಟಿಸಬೇಕು. ಮೊದಲ ವರ್ಷ ಸರ್ಕಾರ ಅವರ ಕೈ ಹಿಡಿಯಬೇಕು. ಒಂದು ಊರಿನಲ್ಲಿ ಕಲಿತದ್ದು ಇನ್ನೊಂದು ಊರಿಗೆ ಗೊತ್ತಾಗಬೇಕು.

"ಮೊದಲು ನಮ್ಮದೊಂದು ಕಂಪನಿ ಆಗ್ಲಿ ಮೇಡಂ" ಎಂದು ನಾನು ಗೊಣಗುತ್ತಿದ್ದೆ.

"ನಾನೊಬ್ಬಳು ಗೆದ್ದು ಏನಮ್ಮ ಬಂತು? ಧಾರವಾಡದಲ್ಲೊಬ್ಬಳು, ಗುವಾಹಟಿಯಲ್ಲೊಬ್ಬಳು, ಬೆಂಗಳೂರಿಗೆ ಬರದೇನೇ ಅವಳ ಭಾಷೇಲಿ ಮಾಡೋ ಹಾಗಾಗ್ಬೇಕು."

ಈ ಮಾತನ್ನು ಅವರು ಕೂತು ಹೇಳಿದ್ದನ್ನು ನಾನು ನೋಡಿಲ್ಲ. ಕೂತಲ್ಲಿ ಕೂರುವ ಜೀವವೇ ಅಲ್ಲ ಅದು. ಊಟವೂ ನಿಂತುಕೊಂಡೇ, ಡಬ್ಬಿ ಎಡಗೈಯಲ್ಲಿ. ಅವರನ್ನು ನೋಡಿ ನೋಡಿ ನನಗೂ ಕಾಲು ನಿಲ್ಲದ ಹಾಗಾಯಿತು. ಆ ರೋಗ ಇನ್ನೂ ಬಿಟ್ಟಿಲ್ಲ.

ನಾವು ಮಾಡುತ್ತಿದ್ದದ್ದು ಬನಶಂಕರಿ ಬಸ್ ನಿಲ್ದಾಣದಲ್ಲಿ ಇಡಬಹುದಾದಂಥ ಒಂದು ಪರದೆ. ಓದಲು ಬಾರದವರೂ ಚಿತ್ರ ನೋಡಿ, ಆಸ್ಪತ್ರೆಯೋ ಮಾರ್ಕೆಟ್ಟೋ ದೇವಸ್ಥಾನವೋ, ಅದರ ಮೇಲೆ ಮೌಸ್ ಒತ್ತಿದರೆ ಯಾವ ಬಸ್ಸು, ಎಲ್ಲಿ ನಿಲ್ಲುತ್ತದೆ ಎಂದು ದನಿಯೊಂದು ಹೇಳುತ್ತಿತ್ತು. ಚಿತ್ರ ನನ್ನದು, ದನಿ ಮೇಡಂ ಅವರದು. ಬೀದಿಯಲ್ಲಿ ಹೋಗುವವರನ್ನು ಕರೆದು ಅದರ ಮುಂದೆ ಕೂರಿಸುತ್ತಿದ್ದರು. ಆಗ ನಮಗೆ ಒಂದೇ ಕಟ್ಟಳೆ. ಕೂತವರು ಎಷ್ಟೇ ತಡಬಡಾಯಿಸಲಿ, ನಾವು ಬಾಯಿ ಬಿಡಬಾರದು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಬೇಕು, ಅಷ್ಟೇ.

ಇದು ನಮ್ಮ ಕಡೆಯ ಜನಕ್ಕೆ ಎಂಥ ಶಿಕ್ಷೆ ಎಂದು ಹೇಳಬೇಕಾಗಿಲ್ಲ. ದಾರಿ ಕೇಳಿದವನಿಗೆ ನಾಲ್ಕು ಜನ ಸೇರಿ ಐದು ದಾರಿ ಹೇಳುವ ಊರು ಇದು. ಅಪ್ಪ ಬಾಗಿಲಲ್ಲಿ ನಿಂತವನು "ಅಯ್ಯೋ ಪಾಪ, ಅಲ್ಲೊತ್ತಮ್ಮ, ಅಲ್ಲಿ!" ಎಂದುಬಿಡುತ್ತಿದ್ದ. ಮೇಡಂ ಅವನನ್ನು ನಯವಾಗಿ ಮಹಡಿಗೆ ಅಟ್ಟುತ್ತಿದ್ದರು. ಒಂದು ದಿನ ಹೂವಿನಮ್ಮ ಕೂತಳು. ಮಾರ್ಕೆಟ್ಟಿನ ಚಿತ್ರ ಒತ್ತಿದಳು. ಅದು ದೊಡ್ಡದಾಗಿ ಮುಂದೆ ಬಂತು. ಇದೇ ಹೌದು ಎನ್ನುವುದಕ್ಕೆ ಅದನ್ನು ಇನ್ನೊಂದು ಸಲ ಒತ್ತಬೇಕಿತ್ತು, ಅದು ಅವಳಿಗೆ ಹೇಗೆ ಗೊತ್ತಾಗಬೇಕು? ಸುಮ್ಮನೆ ಕಾದಳು. ಆಮೇಲೆ ಪರದೆಗೇ ಬೈದಳು: "ಬೇಗ ಹೇಳಪ್ಪ, ಬಸ್ ಹೊಂಟೋಗುತ್ತೆ!"

ಅವಳು ಹೋದ ಮೇಲೆ ಮೇಡಂ ಕುಣಿಯುವುದೊಂದು ಬಾಕಿ. "ನೋಡಿದ್ಯಾ? ನಾವು ಹೇಳ್ಕೊಟ್ಟಿದ್ರೆ ಇದು ಗೊತ್ತಾಗ್ತಿತ್ತಾ? ತಪ್ಪು ಅವಳದ್ದಲ್ಲ, ನಮ್ಮದು." ಇದೇ ಹೌದಾದರೆ ಇನ್ನೊಂದು ಸಲ ಒತ್ತಿ ಎಂದು ದನಿಯೇ ಹೇಳಬೇಕು ಎಂದಾಯಿತು. ಹುಬ್ಬಳ್ಳಿಯವನು ಅದನ್ನು ಬದಲಿಸಲು ಕೂತ.

ಈ ನಡುವೆ ಮೇಡಂ ಸರ್ಕಾರದ ನೆರವು ಕೇಳಲು ರೈಲಿನಲ್ಲಿ ದೆಹಲಿಗೆ ಹೋಗಿ ಬರುತ್ತಲೇ ಇದ್ದರು. ಪ್ರತಿ ಸಲವೂ "ನೋಡೋಣ ಅಂದ್ರು" ಎಂಬ ಮಾತೊಂದನ್ನು ಹೊತ್ತು ತರುತ್ತಿದ್ದರು. ಕೊನೆಗೆ ಅಲ್ಲಿಂದಲೇ ಒಬ್ಬ ಹಿರಿಯ ಅಧಿಕಾರಿ ಬರುತ್ತಾರೆಂದು ಸುದ್ದಿ ಬಂತು. ಅವರು ಒಪ್ಪಿದರೆ ಮೊದಲ ಪ್ರಯೋಗಶಾಲೆ ನಮ್ಮದೇ, ಅದರ ಹಿಂದೆ ಉಳಿದ ಊರುಗಳು. ಮೇಡಂ ಕೈಯಲ್ಲಿದ್ದ ದುಡ್ಡೆಲ್ಲ ಮುಗಿಯುತ್ತಾ ಬಂದಿತ್ತು, ಅವರು ಒಪ್ಪದಿದ್ದರೆ ಇನ್ನೊಂದು ದಾರಿ ಇರಲಿಲ್ಲ. ಮುಂದಿನ ವಾರ ಎಂದಿದ್ದವರು ಆ ವಾರವೇ ಬಂದುಬಿಟ್ಟರು. ಹುಬ್ಬಳ್ಳಿಯವನ ಕೆಲಸ ಅರ್ಧಕ್ಕೇ ನಿಂತಿತ್ತು, ಹಳೆಯದನ್ನೇ ಹಾಕಿದೆವು.

ಅಧಿಕಾರಿ ಸಂಭಾವಿತರು. ಅಪ್ಪ ಕೊಟ್ಟ ಎಳನೀರನ್ನು ಹೊಗಳಿ ಕುಡಿದರು. ನಾನೇ ಒತ್ತಿ ನೋಡುತ್ತೇನೆ ಎಂದು ಕೂತರು. ಆಸ್ಪತ್ರೆಯ ಚಿತ್ರ ಒತ್ತಿದರು. ಅದು ಮುಂದೆ ಬಂತು. ಅವರೂ ಕಾದರು.

ನಾನು ಮೇಡಂ ಮುಖ ನೋಡಿದೆ. ಅವರ ಕೈ ಆಗಲೇ ಬೆನ್ನ ಹಿಂದೆ ಹೋಗಿತ್ತು.

"ಆಗೇ ಕ್ಯಾ?" ಮುಂದೇನು ಎಂದು ಅಧಿಕಾರಿ ನಗುತ್ತಾ ಕೇಳಿದರು. ನಿಮಗೆ ತೋಚಿದ್ದನ್ನು ಮಾಡಿ ಎಂದರು ಮೇಡಂ, ಹಿಂದಿಯಲ್ಲೇ, ಬಹಳ ಮರ್ಯಾದೆಯಿಂದ. ಅವರು ಮೂಲೆಯಲ್ಲಿ ಒತ್ತಿದರು, ಆಚೆ ಒತ್ತಿದರು, ಮೌಸನ್ನು ಮೇಜಿಗೆ ಕುಟ್ಟಿದರು. ನಗು ಹೋಯಿತು, ಕಿವಿ ಕೆಂಪಾಯಿತು. ನನ್ನ ನಾಲಗೆ ತುದಿಯಲ್ಲಿ ಮಾತು ಕುಣಿಯುತ್ತಿತ್ತು. ಬಾಯಿ ತೆರೆದೂಬಿಟ್ಟೆ. ಮೇಡಂ ನನ್ನನ್ನು ನೋಡಿದ ನೋಟಕ್ಕೆ ಮುಚ್ಚಿಕೊಂಡೆ. ಮೆಟ್ಟಿಲ ಮೇಲೆ ಅಪ್ಪ ಎರಡೂ ಕೈಯಲ್ಲಿ ಬಾಯಿ ಹಿಡಿದುಕೊಂಡು ನಿಂತಿದ್ದ. ಅಧಿಕಾರಿ ಎದ್ದರು. ಬೋಂಡಾ, ಕಾಫಿಯ ಹೊತ್ತಿನಲ್ಲಿ ಮೇಡಂ, ನೀವು ತಡವರಿಸಿದ್ದೇ ನಮ್ಮ ಸಂಶೋಧನೆ, ಇದಕ್ಕೇ ಊರೂರಿನಲ್ಲಿ ಪ್ರಯೋಗಶಾಲೆ ಬೇಕು ಎಂದು ವಿವರಿಸಿದ್ದೇ ವಿವರಿಸಿದ್ದು. ಅಧಿಕಾರಿ ಬಸ್ಸಿನ ಬೋರ್ಡೇ ಸಾಕಲ್ಲವೇ ಎಂದು ಹೇಳಿ ಕಾರು ಹತ್ತಿದರು.

ನಾನು ಸಿಡಿದೆ. "ಒಂದೇ ಒಂದು ಮಾತು ಮೇಡಂ. ಇನ್ನೊಂದ್ಸಲ ಒತ್ತಿ ಅಂದಿದ್ರೆ ಏನ್ ಹೋಗ್ತಿತ್ತು?"

"ದೊಡ್ಡೋರು ಅಂತ ಇವರಿಗೆ ಹೇಳ್ಕೊಟ್ರೆ, ಹೂವಿನಮ್ಮನಿಗೆ ಯಾಕೆ ಹೇಳ್ಕೊಡ್ಲಿಲ್ಲ ನಾವು?"

"ಹೂವಿನಾಕಿ ಸಹಿ ಮಾಡೂದಿಲ್ರಿ ಮೇಡಂ. ಇವರು ಮಾಡ್ತಾರ" ಎಂದ ಹುಬ್ಬಳ್ಳಿಯವನು. ಮೇಡಂ ಬೋಂಡಾದ ತಟ್ಟೆಗಳನ್ನು ತಾವೇ ತೊಳೆಯಲು ಹೋದರು.

ದೆಹಲಿಯಿಂದ ಬೇಡವೆಂದೂ ಬರಲಿಲ್ಲ, ಬೇಕೆಂದೂ ಬರಲಿಲ್ಲ. ಹುಬ್ಬಳ್ಳಿಯವನು ಹೊರದೇಶದ ಆಟಗಳಿಗೆ ಪ್ರೋಗ್ರಾಂ ಬರೆಯುವ ಆಫೀಸು ಸೇರಿದ. ನಾನು ಬಿಟಿಎಂನಲ್ಲಿ ಯಾರದೋ ವೆಬ್‌ಸೈಟಿಗೆ ಒತ್ತುವ ಗುಂಡಿಗಳ ಚಿತ್ರ ಬರೆಯುವ ಕೆಲಸ ಹಿಡಿದೆ. ಮೇಡಂ ಒಬ್ಬರೇ ಇನ್ನಷ್ಟು ಕಾಲ ಶೆಟರ್ ಎತ್ತಿ ಇಳಿಸಿ, ಕೊನೆಗೆ ಬೇರೆ ಊರಿನ ಕಾಲೇಜಿಗೆ ಪಾಠಕ್ಕೆ ಹೋದರು. ಹೋಗುವ ದಿನ ನಾನು ಕೆಳಗಿಳಿಯಲಿಲ್ಲ. ಸಿಟ್ಟಿತ್ತು. ಮೇಲಿನಿಂದಲೇ ಲಗೇಜ್ ಆಟೋ ತಿರುಗುವುದನ್ನು ನೋಡಿದೆ...

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ನನ್ನ ಆಫೀಸಿನವರು ನನ್ನನ್ನು ಒಂದು ದೊಡ್ಡ ಹೋಟೆಲಿನ ಸಭೆಗೆ ಕಳಿಸಿದರು. ಇಸ್ತ್ರಿ ಮುರಿಯದ ಅಂಗಿಯ ಯುವಕನೊಬ್ಬ ಪರದೆಯ ಮೇಲೆ ದೇಶದ ನಕ್ಷೆ ತೋರಿಸಿದ. ಊರೂರಿಗೆ ಚುಕ್ಕಿ, ಪ್ರಯೋಗಶಾಲೆ, ಸ್ಟಾರ್ಟಪ್, ಒಂದಕ್ಕೊಂದು ಜೋಡಣೆ. ಹೀಗೆ ಯೋಚಿಸಿದವರಲ್ಲಿ ನಾವೇ ಮೊದಲಿಗರು ಎಂದ. ಚಪ್ಪಾಳೆ ಬಿತ್ತು. ನನಗೆ ಕೂರಲಾಗಲಿಲ್ಲ. ಎದ್ದೆ. ಕೈಗೆ ಮೈಕ್ ಬಂತು. ಇದನ್ನೇ ಇಟ್ಟಮಡುವಿನಲ್ಲಿ ಒಬ್ಬರು ಎಷ್ಟೋ ವರ್ಷಗಳ ಹಿಂದೆ ಹೇಳಿದ್ದರು ಎಂದೆ.

"ಓ, ನೈಸ್! ಯಾವ ಕಂಪನಿ ಮೇಡಂ?"

ನಾನು ತಡವರಿಸಿದೆ. ನಮ್ಮ ಶೆಟರಿಗೆ ಬೋರ್ಡೇ ಇರಲಿಲ್ಲ. ದೇಶದ ಯೋಜನೆ ಆಗಲಿ, ಆಮೇಲೆ ನಮ್ಮದಕ್ಕೊಂದು ಹೆಸರಿಡೋಣ ಎಂದು ಮೇಡಂ ಮುಂದೂಡುತ್ತಲೇ ಬಂದಿದ್ದರು. "ಕಂಪನಿಗೆ ಹೆಸರಿರಲಿಲ್ಲ" ಎಂದೆ. ಯಾರೋ ಕಿಸಕ್ಕೆಂದರು. ಯುವಕ ಥ್ಯಾಂಕ್ಸ್ ಹೇಳಿದ. ಮೈಕ್ ಹಿಂದಿನ ಸಾಲಿಗೆ ಹೋಯಿತು.

ಅದೇ ಸಂಜೆ ಹುಬ್ಬಳ್ಳಿಯವನಿಗೆ ಫೋನ್ ಮಾಡಿ ಮೇಡಂ ನಂಬರ್ ಕೇಳಿದೆ. ಅವನು "ನಿಮಗ ಗೊತ್ತಿಲ್ಲೇನ್ರೀ?" ಎಂದ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

ಈಗ ಆ ಅಧಿಕಾರಿಯ ಮೇಲಾಗಲೀ ಆ ಯುವಕನ ಮೇಲಾಗಲೀ ನನಗೆ ಏನೂ ಇಲ್ಲ. ಮೇಡಂ ಮೇಲೆ ಮಾತ್ರ ಸಿಟ್ಟು ಇಳಿದಿಲ್ಲ. ಒಂದು ಮಾತು ಹೇಳಬಹುದಿತ್ತು ಎಂದು ಇವತ್ತಿಗೂ ಮನಸ್ಸಿನಲ್ಲೇ ವಾದ ಹೂಡುತ್ತೇನೆ. ಹೂವಿನಮ್ಮನ ಮಾತು ತೆಗೆದು ಅವರು ನನ್ನ ಬಾಯಿ ಮುಚ್ಚಿಸುತ್ತಾರೆ. ಅದಕ್ಕೂ ಒಂದು ಉತ್ತರ ಹುಡುಕಿ ಇಟ್ಟುಕೊಂಡಿದ್ದೇನೆ, ಒಳ್ಳೆಯ ಉತ್ತರ. ಅದನ್ನು ಕೇಳಿ ಬೈಯಲು ಅವರಿಲ್ಲ.