ಉಪ್ಪಿನಕಾಯಿ ಇಳಿದು ಬಂದ ದಾರಿ

ಬಿಸಿಲಿಗಿಟ್ಟ ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿದ ಬಿಳಿ ಬಟ್ಟೆಯನ್ನು ನೋಡಿದರೆ ಸಾಕು, ಆ ಮನೆಯಲ್ಲಿ ಬಳೆಯ ವ್ಯಾಪಾರ ಎಷ್ಟು ಹೊತ್ತು ಹಿಡಿಯುತ್ತದೆಂದು ನಾನು ಹೇಳಬಲ್ಲೆ. ಬಟ್ಟೆ ಬಿಗಿಯಾಗಿ, ಗಂಟು ಒಪ್ಪವಾಗಿದ್ದರೆ ಆಕೆ ಒಂದೊಂದು ಬಳೆಯನ್ನೂ ಬೆಳಕಿಗೆ ಹಿಡಿದು ನೋಡುವವಳು; ಸಡಿಲವಾಗಿದ್ದರೆ ಕೈ ಚಾಚಿಕೊಂಡು ಮಾತಿಗೆ ಕೂರುವವಳು. ಅರಸೀಕೆರೆಯಲ್ಲಿ ಬಳೆಯ ಪೆಟ್ಟಿಗೆ ಹೊತ್ತು ಮನೆಮನೆ ತಿರುಗಿ, ಆಮೇಲೆ ಬಸ್ ನಿಲ್ದಾಣದ ಹತ್ತಿರ ಸ್ವಂತದ್ದೊಂದು ಅಂಗಡಿ ಮಾಡಿಕೊಂಡವಳು ನಾನು. ಅಂಗಡಿಯಾದ ಮೇಲೂ ಪೆಟ್ಟಿಗೆ ಹಿಡಿದು ಹೊರಡುವ ಚಾಳಿಯನ್ನು ಬಿಡಲಿಲ್ಲ, ಏಕೆಂದರೆ ಗಿರಾಕಿಯನ್ನು ಅವಳ ಮನೆಯಲ್ಲೇ ನೋಡಿದವಳು ಮೋಸ ಹೋಗುವುದಿಲ್ಲ. ವ್ಯಾಪಾರಕ್ಕಿಳಿಯುವವರಿಗೆ ನನ್ನ ಮೊದಲ ಬುದ್ಧಿಮಾತು ಇದೇ, ಕೇಳಿದರೂ ಸರಿ, ಕೇಳದಿದ್ದರೂ ಸರಿ. ಕೆಲವು ಮನೆಗಳಲ್ಲಿ ನನಗೆ ಜಗಲಿಯವರೆಗೆ ಪ್ರವೇಶ, ಕೆಲವು ಕಡೆ ನಡುಮನೆಯವರೆಗೆ, ಕೆಲವು ಕಡೆ ಒಲೆಯ ಬುಡದವರೆಗೂ. ಕೈ ಮಾತ್ರ ಎಲ್ಲ ಮನೆಗಳಲ್ಲೂ ಸಿಗುತ್ತದೆ.

ಹಾಗೆ ನಾನು ಹಿಡಿದ ಕೈಗಳಲ್ಲಿ ಎರಡರ ಮಾತು ಹೇಳಬೇಕು. ಒಂದು, ದೇವಸ್ಥಾನದ ಬೀದಿಯ ಇಂದಿರಮ್ಮನವರದು. ನಿವೃತ್ತ ಮೇಷ್ಟರ ಹೆಂಡತಿ, ಬೆಣ್ಣೆಯಂಥ ದುಂಡು ಕೈ, ಬಳೆ ಏರಿಸಲು ನಾನು ಉಸಿರು ಬಿಗಿಹಿಡಿಯಬೇಕು. ಇನ್ನೊಂದು ಸಿದ್ದಮ್ಮನದು; ಬೆಳಿಗ್ಗೆ ಇಂದಿರಮ್ಮನವರ ಹಿತ್ತಿಲಲ್ಲಿ ಪಾತ್ರೆ ತೊಳೆದು, ಆಮೇಲೆ ಸಂಜೆಯವರೆಗೆ ಕೊಬ್ಬರಿ ಶೆಡ್ಡಿನಲ್ಲಿ ಕಾಯಿ ಒಡೆಯುವ ಕೈ, ಒಣಗಿದ ಕಡ್ಡಿಯಂಥದು. ಮಕ್ಕಳ ಅಳತೆಯ ಬಳೆ ಕೂಡ ಅಲ್ಲಿ ಸಡಿಲವಾಗಿ ಮೊಣಕೈಯವರೆಗೂ ಜಾರುತ್ತದೆ. ಒಂದು ಬೇಸಿಗೆಯಲ್ಲಿ ಶಾಲೆಯೊಂದರ ಕೋಣೆಯಲ್ಲಿ ರಕ್ತದೊತ್ತಡ ನೋಡುವ ಉಚಿತ ಶಿಬಿರ ನಡೆಯಿತು. ಜನ ಸೇರುವಲ್ಲಿ ನಾನಿರಬೇಕಲ್ಲ, ಪೆಟ್ಟಿಗೆಯೊಡನೆ ಬಾಗಿಲಲ್ಲೇ ಇದ್ದೆ. ಈ ಎರಡು ತೋಳಿಗೂ ಒಂದೇ ಪಟ್ಟಿಯನ್ನು ಸುತ್ತಿದ ಡಾಕ್ಟರು ಇಬ್ಬರಿಗೂ ಬಿ.ಪಿ. ಏರಿದೆಯೆಂದರು, ಇಬ್ಬರಿಗೂ ಒಂದೇ ಮಾತು ಹೇಳಿದರು: ಉಪ್ಪು ಕಡಿಮೆ ಮಾಡಿ, ವಿಶ್ರಾಂತಿ ತೆಗೆದುಕೊಳ್ಳಿ, ದಿನಾ ನಡೆಯಿರಿ, ಮಾತ್ರೆ ತಪ್ಪಿಸಬೇಡಿ.

ಸರಕು ಒಂದೇ ಆದರೂ ಬೀದಿಗೊಂದು ಬೆಲೆಯಾಗುವುದನ್ನು ನನ್ನಷ್ಟು ಕಂಡವರು ಕಡಿಮೆ, ಆದರೆ ಡಾಕ್ಟರ ಮಾತಿಗೂ ಹಾಗಾಗುವುದನ್ನು ಅಂದಿನವರೆಗೆ ಯೋಚಿಸಿರಲಿಲ್ಲ. ಇಂದಿರಮ್ಮನವರಿಗೆ ಉಪ್ಪು ಕಡಿಮೆಯೆಂದರೆ ಊಟದೆಲೆಯ ತುದಿಯಿಂದ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಎದ್ದು ಹೋಗುವುದು. ಪಲ್ಯ, ಕೂಟು, ಮಜ್ಜಿಗೆ ಉಳಿದೇ ಉಳಿಯುತ್ತವೆ. ಸಿದ್ದಮ್ಮನ ಮುದ್ದೆಯ ಪಕ್ಕದಲ್ಲಿ ಇರುವುದೇ ಉಪ್ಪು ಖಾರ. ಅದನ್ನು ತೆಗೆದರೆ ಉಳಿಯುವುದು ತಟ್ಟೆ. ನಡಿಗೆಯೆಂದರೆ ಇಂದಿರಮ್ಮ ಸಂಜೆ ಶಾಲು ಹೊದ್ದು ಸ್ಟೇಷನ್ನಿನವರೆಗೆ ಹೋಗಿ ಬರುವುದು. ಊರ ಹೊರಗಿನ ತನ್ನ ಕಾಲನಿಯಿಂದ ದೇವಸ್ಥಾನದ ಬೀದಿ, ಅಲ್ಲಿಂದ ಶೆಡ್ಡು, ಶೆಡ್ಡಿನಿಂದ ಮತ್ತೆ ಕಾಲನಿ ಎಂದು ಕಾಲು ಸವೆಸುವ ಸಿದ್ದಮ್ಮನಿಗೆ ಇನ್ನೂ ಎಲ್ಲಿಗೆ ನಡೆ ಎನ್ನುವುದು? ವಿಶ್ರಾಂತಿಯ ಮಾತು ಬಿಡಿ. ಅದು ಅವಳು ಕಂಡ ಯಾವ ಅಂಗಡಿಯಲ್ಲೂ ಸಿಗುವ ಸಾಮಾನಲ್ಲ.

ಆದರೂ ಮಾತ್ರೆಯನ್ನಾದರೂ ನುಂಗುತ್ತಾಳೆಂದು ನಾನೆಣಿಸಿದ್ದೆ. ಕೆಲವು ವಾರ ಕಳೆದು ಕಾಲನಿಗೆ ಹೋದರೆ ಆಸ್ಪತ್ರೆಯವರು ಕೊಟ್ಟ ಮಾತ್ರೆಯ ಹಾಳೆ ಮುರಿಯದೆ, ಬುದ್ಧನ ಪಟದ ಹಿಂದೆ ಹಾಗೇ ಕೂತಿತ್ತು. ಶಿಬಿರದಿಂದ ಬಂದ ದಿನ ನೀರಿನ ನಲ್ಲಿಯ ಹತ್ತಿರ ಯಾರೋ ಅಂದಿದ್ದರಂತೆ, "ಏನಮ್ಮಿ ಸಿದ್ದಿ, ಬಿ.ಪಿ. ಬಂದೈತಂತೆ? ಇನ್ನೇನು, ಹಿಂದ್ಗಡೆ ಕಾರೂ ಬತ್ತದೆ ಬುಡು." ಅಂದಿನಿಂದ ಅವಳು ಆ ಕಾಯಿಲೆಯನ್ನೇ ಒಲ್ಲೆನೆಂದು ಬಿಟ್ಟಿದ್ದಳು.

"ಅದು ತಿಂದು ಕೂತೋರ್ಗೆ ಬರೋದು ಕಣಕ್ಕ, ನಮ್ಮಂಥೋರ್ಗಲ್ಲ. ಆ ಮಿಷನ್ನು ಅಮ್ನೋರ ತೋಳಿಗೆ ಕಟ್ಟಿದ್ ಮ್ಯಾಕೆ ನಂಗೆ ಕಟ್ಟಿದ್ರು ನೋಡು, ಅವರ್ದೇ ನಂಗೂ ತೋರಿಸ್ಬುಡ್ತು" ಎಂದಳು.

ನಗಬೇಕೆನಿಸಿದರೂ ನಗಲಿಲ್ಲ. ಬಾಣಾವರದಲ್ಲಿ ಅವಳ ಅಕ್ಕನ ಬಲಗೈ ಬಲಗಾಲು ಬಿದ್ದುಹೋಗಿ, ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದುದು ನನಗೆ ಗೊತ್ತಿತ್ತು. ಅದನ್ನು ಗಾಳಿ ಬಡಿದದ್ದೆಂದು ಇವರು ಕರೆಯುತ್ತಿದ್ದರು. ಹೀಗೇ ಬಿಟ್ಟರೆ ಇವಳಿಗೂ ಹಾಗಾಗಬಹುದೆಂದು ಡಾಕ್ಟರು ನನ್ನೆದುರಿಗೇ ಹೇಳಿದ್ದರು. ಕಾಯಿ ಒಡೆಯುವವಳಿಗೆ ಬಲಗೈ ಹೋದರೆ ಇನ್ನೇನು ಉಳಿದೀತು?

ಆಗಲೇ ಒಲೆಯ ಪಕ್ಕದಲ್ಲಿ ಆ ಜಾಡಿಯನ್ನು ಕಂಡದ್ದು. ಬಿಳಿ ಬಟ್ಟೆ, ಒಪ್ಪವಾದ ಗಂಟು; ಇಂದಿರಮ್ಮನವರ ಕೈ. ಡಾಕ್ಟರು ಬೇಡವೆಂದ ಮೇಲೆ ಅವರ ಮನೆಯ ಮಿಡಿಗಾಯಿ, ಹಪ್ಪಳ, ಬಾಳಕ ಎಲ್ಲವೂ ಹಿತ್ತಿಲ ಬಾಗಿಲಿನಿಂದ ಸಿದ್ದಮ್ಮನ ಮಡಿಲಿಗೆ ಇಳಿಯುತ್ತಿದ್ದವು. ಎಸೆಯಲು ಮನಸ್ಸಾಗದ ಒಳ್ಳೆಯ ಗೃಹಿಣಿ ಪ್ರೀತಿಯಿಂದಲೇ ಕೊಡುತ್ತಿದ್ದರು. ಶಿಬಿರದಲ್ಲಿ ಇವಳ ಸರದಿ ಮುಗಿಯುವ ಮೊದಲೇ ಅವರು ಮನೆಗೆ ಹೊರಟಿದ್ದರು, ಇವಳಿಗೂ ಅದೇ ಕಾಯಿಲೆಯೆಂಬುದು ಅವರಿಗೆ ಗೊತ್ತಿರಲಿಲ್ಲ. ಇವಳು ಹೇಳಿರಲಿಲ್ಲ, ಹೇಳಿದರೆ ಬಗ್ಗಿ ಏಳಲಾರದವಳೆಂದು ಬೇರೆಯವರನ್ನು ಇಟ್ಟುಕೊಂಡಾರೆಂಬ ಅಂಜಿಕೆ. ಒಂದು ಬೀದಿಯ ಪಥ್ಯ ಇನ್ನೊಂದು ಬೀದಿಯ ಊಟವಾಗಿತ್ತು. ದಾನವೂ ಇಳಿಜಾರು ಹುಡುಕಿಕೊಂಡು ಹರಿಯುತ್ತದಲ್ಲ ಎಂದುಕೊಂಡೆ.

ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಗಿರಾಕಿ ಬೇಡವೆಂದಾಗ ಸರಕನ್ನು ಹೊಗಳಬಾರದು, ಅವಳು ಕಳೆದುಕೊಳ್ಳಲು ಹೆದರುವುದೇನೆಂದು ಹುಡುಕಬೇಕು. ಸಿದ್ದಮ್ಮನ ಬಲಗೈಯನ್ನು ಹಿಡಿದುಕೊಂಡೆ, ಬಳೆ ತೊಡಿಸುವಂತೆಯೇ.

"ನಿನ್ನಕ್ಕನಿಗೆ ಬಡಿದ ಗಾಳಿಗೆ ಬಿ.ಪಿ. ಅಂತಲೇ ಹೆಸರು ಕಣೇ" ಎಂದೆ.

ಅವಳು ಕೈ ಎಳೆದುಕೊಳ್ಳಲಿಲ್ಲ. "ಉಪ್ಪು ಬುಟ್ರೆ ಮುದ್ದೆ ಇಳಿಯಾಕಿಲ್ವಲ್ಲಕ್ಕ" ಎಂದಳು. ಸದ್ಯ, ಚೌಕಾಸಿಗೆ ಬಂದಳು ಎಂದುಕೊಂಡೆ.

"ಬಿಡು ಅಂದವರ್ಯಾರು? ಹಿಡಿ ತುಂಬ ಹಾಕ್ತೀಯಲ್ಲ, ಎರಡು ಬೆರಳಲ್ಲಿ ಎತ್ತಿದಷ್ಟು ಹಾಕು."

"ಎಲ್ಡು ಬೆರಳ್ಗೆ ಏನ್ ಬತ್ತದೆ? ಇರುವೆಗೆ ಇಕ್ಕಿದಂಗೆ. ಐದೂ ಬೆರಳು."

"ಐದಕ್ಕಾದರೆ ನಾನ್ಯಾಕೆ ಬರ್ತಿದ್ದೆ? ಮೂರು."

"ನಾಕ್ ಮಾಡ್ಕೊ. ನಿಂಗೂ ಬ್ಯಾಡ, ನಂಗೂ ಬ್ಯಾಡ."

"ಮೂರು, ಮೇಲೆ ಒಂದು ಹೋಳು ನಿಂಬೆಹಣ್ಣು ಕೊಸರು."

ಮೂರಕ್ಕೆ ಇಳಿದಳು. ಸುಟ್ಟ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಅರೆದು ಮೇಲೆ ನಿಂಬೆ ಹಿಂಡಿದರೆ ನಾಲಿಗೆಗೆ ಉಪ್ಪಿನ ನೆನಪೇ ಬರುವುದಿಲ್ಲವೆಂದು ಅವಳಿಂದಲೇ ಮಾಡಿಸಿ ಅಲ್ಲೇ ತಿಂದೆ. ನೀವೂ ಮಾಡಿ ನೋಡಿ. ಮಾತ್ರೆಗಾಗಿ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ತಂದುಕೊಡುವ ಕೆಲಸವನ್ನು ನಾನು ವಹಿಸಿಕೊಂಡೆ. ಇಂದಿರಮ್ಮನವರಿಗೆ ಹೇಳುವ ಕೆಲಸ ಮಾತ್ರ ಅವಳಿಗೇ ಬಿಟ್ಟೆ.

ಮರುವಾರ ಹಬ್ಬಕ್ಕೆ ಬಳೆ ತೊಡಿಸಲು ಹೋದಾಗ ಇಂದಿರಮ್ಮ ಹಿತ್ತಿಲಲ್ಲೇ ಇದ್ದರು, ಕೈಯಲ್ಲಿ ಬಾಳಕದ ಡಬ್ಬಿ. ಸಿದ್ದಮ್ಮ ಸೆರಗಿಗೆ ಕೈ ಒರೆಸಿಕೊಂಡು ನಿಂತಳು.

"ಬ್ಯಾಡಿ ಅಮ್ನೋರೇ."

"ಯಾಕೆ, ನಮ್ಮನೆ ಬಾಳಕ ಹಿಡಿಸಲಿಲ್ವಾ?"

"ಹಿಡ್ಸೈತೆ. ನಿಮ್ಗಿರೋ ಕಾಯ್ಲೆ ನಂಗೂ ಐತೆ."

ಇಂದಿರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನಿನಗಾ? ಆ ಮೈಯಲ್ಲಿ ಎಲ್ಲಿದೆಯೇ ಜಾಗ ಅದಕ್ಕೆ? ಎಷ್ಟಿದೆಯಂತೆ?" ಸಿದ್ದಮ್ಮ ಹೇಳಿದಳು. "ನನಗಿಂತ ಹೆಚ್ಚು" ಎಂದ ಅವರ ದನಿಯಲ್ಲಿ ಗಾಬರಿಯಿತ್ತು, ಜತೆಗೆ ಪಟ್ಟ ಕೈತಪ್ಪಿದವರ ಸಣ್ಣ ಅಸಮಾಧಾನವೂ ಇತ್ತು.

"ಕೆಲ್ಸ ಮಾತ್ರ ಬಿಡಿಸ್ಬ್ಯಾಡಿ."

"ಬಿಡಿಸೋದಾದರೆ ಈ ಮನೆಯಿಂದ ಮೊದಲು ನನ್ನನ್ನೇ ಬಿಡಿಸಬೇಕು. ಮಾತ್ರೆ ಎಲ್ಲಿ?"

ಸೆರಗಿನ ಗಂಟಿನಿಂದ ಹಾಳೆ ಹೊರಗೆ ಬಂತು. ಈಗ ಅದರಲ್ಲಿ ಕೆಲವು ಗುಳಿಗಳು ಖಾಲಿಯಾಗಿದ್ದವು. ಇಂದಿರಮ್ಮ ತಮ್ಮದನ್ನೂ ತಂದು ಪಕ್ಕದಲ್ಲಿ ಹಿಡಿದರು. ಎರಡೂ ಒಂದೇ ಮಾತ್ರೆ. ಅವರು ಅದನ್ನು ನೋಡುತ್ತ ನಿಂತರು, ಆಮೇಲೆ ಉಪ್ಪಿಲ್ಲದ ತಮ್ಮ ಊಟವನ್ನು ಶಪಿಸತೊಡಗಿದರು: "ಹುಲ್ಲು ಮೆಂದ ಹಾಗಿದೆ ಕಣೇ. ನೀನು ಏನು ತಿಂತೀಯ?"

ಸಿದ್ದಮ್ಮ ನನ್ನ ಮುಖ ನೋಡಿದಳು, ನಾನು ಅವಳ ಬುತ್ತಿಯನ್ನು ನೋಡಿದೆ. ಮಧ್ಯಾಹ್ನಕ್ಕೆಂದು ತಂದಿದ್ದ, ಅದೇ ನಿಂಬೆ ಹಿಂಡಿದ ಹುಳಿಖಾರ ಅದರಲ್ಲಿತ್ತು. ಆ ಬೀದಿಯ ಅಡುಗೆಮನೆಗೆ ಕಾಲನಿಯ ಒಲೆಯಿಂದ ಏನೂ ಏರಿ ಹೋದದ್ದನ್ನು ನಾನು ಕಂಡಿರಲಿಲ್ಲ. ಅವಳು ಮುಚ್ಚಳ ತೆರೆದಳು. ಇಂದಿರಮ್ಮ ಒಳಗೆ ಹೋದರು, ಬರುವುದಿಲ್ಲವೆಂದುಕೊಂಡೆ. ಬಂದರು, ತಮ್ಮದೇ ಒಂದು ಬಟ್ಟಲು ಹಿಡಿದು. ಸಿದ್ದಮ್ಮ ಮೇಲಿನಿಂದ, ತಾಗದಂತೆ, ಒಂದಿಷ್ಟು ಹಾಕಿದಳು. ಆ ಬಟ್ಟಲನ್ನು ಕಂಡು ನೀವು ಹುಬ್ಬು ಗಂಟಿಕ್ಕಬಹುದು. ನಾನು ಗಂಟಿಕ್ಕಲಿಲ್ಲ, ಮೊದಲ ದಿನವೇ ಪೂರ್ತಿ ಬೆಲೆ ಕೇಳಿ ಗಿರಾಕಿಯನ್ನು ಓಡಿಸುವವಳು ನಾನಲ್ಲ.

ಇಂದಿರಮ್ಮ ಬೆರಳದ್ದಿ ನಾಲಿಗೆಗೆ ತಾಗಿಸಿದರು. ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡರು, ಮತ್ತೆ ಬೆರಳದ್ದಿದರು.

"ನಾಳೆ ಖಾರ ಸ್ವಲ್ಪ ಕಡಿಮೆ ಹಾಕು" ಎಂದರು.